ಕಾರ್ಖಾನೆಯ ದೋಷ, ವರ್ಕ್‌ಶಾಪಿನ ಬೋಲ್ಟು

'ಇಂಥ ಕಂಪನಿ ತನ್ನ ಇಷ್ಟು ಸಾವಿರ ಕಾರುಗಳನ್ನು ವಾಪಸು ಕರೆಸಿಕೊಳ್ಳುತ್ತಿದೆ' ಎಂಬ ಸುದ್ದಿಯನ್ನು ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ನೀವು ಆಗಾಗ ಓದಿರುತ್ತೀರಿ. ಕಂಪನಿಯ ಷೇರು ಬೆಲೆ ಎಷ್ಟು ಇಳಿಯಿತೆಂಬುದೂ ಅದರ ಜೊತೆಗೇ ಇರುತ್ತದೆ. ಆದರೆ ಆ ಕಾರುಗಳು ಮುಂದೆ ಏನಾದವು, ಅವನ್ನು ಯಾರು ಬಿಚ್ಚಿದರು, ಹೇಗೆ ಮರಳಿ ಜೋಡಿಸಿದರು ಎಂಬ ಸುದ್ದಿ ಬರುವುದು ಅಪರೂಪ. ಈ ಇಡೀ ಪ್ರಕ್ರಿಯೆಯ ಅತಿ ಸೂಕ್ಷ್ಮವಾದ ಭಾಗ ಇರುವುದು ಅಲ್ಲಿಯೇ.

ವಾಹನಗಳಲ್ಲಿ ಸುರಕ್ಷತೆಗೆ ಸಂಬಂಧಿಸಿದ ದೋಷ ಕಂಡುಬಂದಾಗ ತಯಾರಕರು ಅದನ್ನು ಒಪ್ಪಿಕೊಂಡು, ಮಾಲೀಕರಿಗೆ ತಿಳಿಸಿ, ಖರ್ಚಿಲ್ಲದೆ ಸರಿಪಡಿಸಿಕೊಡುವುದಕ್ಕೆ 'ರೀಕಾಲ್' ಎಂದು ಹೆಸರು. ಅಮೆರಿಕದಲ್ಲಿ 1966ರ ವಾಹನ ಸುರಕ್ಷತಾ ಕಾಯಿದೆ ಇದಕ್ಕೆ ಬುನಾದಿ ಹಾಕಿತು. ಹೆಸರು ಕೇಳಿದರೆ ಕಾರು ತಾನು ಹುಟ್ಟಿದ ಕಾರ್ಖಾನೆಗೇ ಮರಳುತ್ತದೆ ಎಂಬ ಭಾವನೆ ಬರುತ್ತದೆ. ಹಾಗಾಗುವುದಿಲ್ಲ. ಅದು ಹೋಗುವುದು ನಿಮ್ಮ ಊರಿನ ಡೀಲರರ ವರ್ಕ್‌ಶಾಪಿಗೆ. ಕಾರ್ಖಾನೆಯಲ್ಲಿ ಮುಖ್ಯವಾದ ಬೋಲ್ಟುಗಳನ್ನು ವಿದ್ಯುತ್ ಉಪಕರಣವೊಂದು ಬಿಗಿಯುತ್ತದೆ. ಎಷ್ಟು ಬಲ ಹಾಕಿತು ಎಂಬುದನ್ನು ಕಂಪ್ಯೂಟರು ಬರೆದಿಟ್ಟುಕೊಳ್ಳುತ್ತದೆ. ವರ್ಕ್‌ಶಾಪಿನಲ್ಲಾದರೋ ಒಬ್ಬ ಮೆಕ್ಯಾನಿಕ್, ಅವನ ಕೈಯಲ್ಲೊಂದು ಸ್ಪ್ಯಾನರ್, ಹೊರಗೆ ಕಾಯುತ್ತಿರುವ ಇನ್ನೂ ಹತ್ತು ಕಾರುಗಳು. ಲಕ್ಷ ಕಾರುಗಳ ರೀಕಾಲ್ ಎಂದರೆ ಲಕ್ಷ ಬಾರಿ, ಬೇರೆ ಬೇರೆ ಕೈಗಳು, ಬೇರೆ ಬೇರೆ ಊರುಗಳಲ್ಲಿ ಅದೇ ಕೆಲಸವನ್ನು ತಪ್ಪಿಲ್ಲದೆ ಮಾಡಬೇಕು. ಇದು ಎಷ್ಟು ಕಷ್ಟ ಎಂಬುದನ್ನು ಎರಡು ಪ್ರಸಿದ್ಧ ಪ್ರಕರಣಗಳ ಮೂಲಕ ನೋಡೋಣ.

ಡಬ್ಬಿಯೊಳಗಿನ ಬಿಲ್ಲೆಗಳು

ಮೊದಲನೆಯದು ಜಪಾನಿನ ಟಕಾಟಾ ಕಂಪನಿಯ ಏರ್‌ಬ್ಯಾಗ್. ಇದು ಜಗತ್ತಿನ ವಾಹನೋದ್ಯಮ ಕಂಡ ಅತಿ ದೊಡ್ಡ ರೀಕಾಲ್. ಅಮೆರಿಕವೊಂದರಲ್ಲೇ ಸುಮಾರು 6 ಕೋಟಿ 70 ಲಕ್ಷ ಏರ್‌ಬ್ಯಾಗ್‌ಗಳು ಇದರ ವ್ಯಾಪ್ತಿಗೆ ಬಂದವು.

ಏರ್‌ಬ್ಯಾಗ್ ಅಥವಾ ಗಾಳಿಚೀಲವನ್ನು ಉಬ್ಬಿಸುವುದು ಪಂಪಿನ ಗಾಳಿಯೆಂದು ಹಲವರು ಭಾವಿಸಿದ್ದಾರೆ. ಅಷ್ಟು ಸಮಯ ಎಲ್ಲಿದೆ? ಕಾರು ಡಿಕ್ಕಿ ಹೊಡೆದ ಕ್ಷಣದಿಂದ ಚಾಲಕನ ತಲೆ ಮುಂದಕ್ಕೆ ಬಾಗುವುದರೊಳಗೆ, ಅಂದರೆ ಒಂದು ಸೆಕೆಂಡಿನ ನೂರರಲ್ಲಿ ಮೂರು ನಾಲ್ಕು ಭಾಗದಷ್ಟು ಹೊತ್ತಿನಲ್ಲಿ ಚೀಲ ತುಂಬಿರಬೇಕು. ನೀವು ಕಣ್ಣು ಮಿಟುಕಿಸಲು ಇದಕ್ಕಿಂತ ಹೆಚ್ಚು ಸಮಯ ತೆಗೆದುಕೊಳ್ಳುತ್ತೀರಿ! ಆದ್ದರಿಂದ ಸ್ಟಿಯರಿಂಗ್ ಚಕ್ರದ ನಡುವೆ ಇನ್‌ಫ್ಲೇಟರ್ ಎಂಬ ಸಣ್ಣ ಉಕ್ಕಿನ ಡಬ್ಬಿಯನ್ನು ಇಟ್ಟಿರುತ್ತಾರೆ. ಅದರೊಳಗೆ ಒತ್ತಿ ಮಾಡಿದ ರಾಸಾಯನಿಕ ಬಿಲ್ಲೆಗಳಿರುತ್ತವೆ. ಸಂವೇದಕದಿಂದ ವಿದ್ಯುತ್ ಸಂಕೇತ ಬಂದೊಡನೆ ಕಿಡಿ ಹೊತ್ತಿ, ಬಿಲ್ಲೆಗಳು ಉರಿದು, ಹುಟ್ಟಿದ ಅನಿಲ ಚೀಲಕ್ಕೆ ನುಗ್ಗುತ್ತದೆ. ರಾಕೆಟ್ಟಿನಲ್ಲಿ ಬಳಸುವ ಘನ ನೋದಕಕ್ಕೂ ಇದಕ್ಕೂ ತತ್ತ್ವದಲ್ಲಿ ವ್ಯತ್ಯಾಸವಿಲ್ಲ.

ಟಕಾಟಾ ಈ ಬಿಲ್ಲೆಗಳಿಗೆ ಅಮೋನಿಯಂ ನೈಟ್ರೇಟ್ ಬಳಸಿತು. ಅಗ್ಗದ ವಸ್ತು, ಉರಿದಾಗ ಬಹುಪಾಲು ಅನಿಲವೇ ಆಗುತ್ತದೆ, ಬೂದಿ ಕಡಿಮೆ. ಹಾಗಾಗಿ ಡಬ್ಬಿಯನ್ನು ಚಿಕ್ಕದು, ಹಗುರ ಮಾಡಬಹುದು. ಆದರೆ ಅದಕ್ಕೆ ಎರಡು ಕೆಟ್ಟ ಗುಣಗಳಿವೆ. ಒಂದು, ಮಳೆಗಾಲದಲ್ಲಿ ಕಲ್ಲುಪ್ಪು ಒದ್ದೆಯಾಗುವಂತೆ ಅದೂ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಇನ್ನೊಂದು, ಉಷ್ಣತೆ 32 ಡಿಗ್ರಿ ಸೆಲ್ಷಿಯಸ್ ದಾಟಿದಾಗ ಅದರ ಸ್ಫಟಿಕ ರಚನೆ ಬದಲಾಗಿ ಗಾತ್ರ ಹಿಗ್ಗುತ್ತದೆ, ತಣಿದಾಗ ಕುಗ್ಗುತ್ತದೆ. ಬೇರೆ ಲವಣವನ್ನು ಬೆರೆಸಿ ಈ ಎರಡನೆಯ ತೊಂದರೆಯನ್ನು ಕಂಪನಿ ಹತೋಟಿಗೆ ತಂದಿತ್ತು. ಆದರೆ ತೇವ ಒಳಗೆ ಸೇರಿ, ವರ್ಷಗಟ್ಟಲೆ ಹಗಲಿನ ಬಿಸಿ, ರಾತ್ರಿಯ ತಂಪು ಒಂದರ ಮೇಲೊಂದು ಬಂದಾಗ ಬಿಲ್ಲೆಗಳು ಉಬ್ಬಿ, ಅವುಗಳೊಳಗೆ ಸೂಕ್ಷ್ಮ ರಂಧ್ರಗಳು ಹುಟ್ಟಿದವು.

ರಂಧ್ರ ಬಿದ್ದರೆ ಏನಾಯಿತು ಎನ್ನುತ್ತೀರಾ? ಸೌದೆಯ ಕೊರಡೊಂದನ್ನು ಒಲೆಗೆ ಹಾಕಿ, ಗಂಟೆಗಟ್ಟಲೆ ಉರಿಯುತ್ತದೆ. ಅದೇ ಕೊರಡನ್ನು ಸೀಳಿ ಸಿಬಿರು ಮಾಡಿ ಹಾಕಿ. ಭಗ್ಗೆಂದು ಉರಿದು ಮುಗಿಯುತ್ತದೆ. ತೂಕ ಅಷ್ಟೇ, ಬೆಂಕಿಗೆ ಸಿಕ್ಕುವ ಮೇಲ್ಮೈ ಮಾತ್ರ ಹೆಚ್ಚು. ರಂಧ್ರಗಳು ತುಂಬಿದ ಬಿಲ್ಲೆಯೂ ಹೀಗೆಯೇ ಲೆಕ್ಕಕ್ಕಿಂತ ಬೇಗ ಉರಿಯುತ್ತದೆ. ಅನಿಲ ಚೀಲಕ್ಕೆ ಹೋಗುವ ದಾರಿ ಸಾಲದೆ ಡಬ್ಬಿಯೊಳಗಿನ ಒತ್ತಡ ಏರುತ್ತದೆ, ಉಕ್ಕಿನ ಡಬ್ಬಿಯೇ ಒಡೆದು ಅದರ ಚೂರುಗಳು ಚಾಲಕನ ಮುಖ, ಕುತ್ತಿಗೆಗೆ ಚಿಮ್ಮುತ್ತವೆ. ಜೀವ ಉಳಿಸಬೇಕಾದ ಸಾಧನ ಹೀಗೆ ಜೀವ ತೆಗೆಯಿತು. ಸಣ್ಣ ಡಿಕ್ಕಿಯಲ್ಲಿ, ಮೈಗೆ ಗಾಯವೇ ಆಗದಂಥ ಅಪಘಾತದಲ್ಲಿ ಜನ ಸತ್ತರು. ಅಮೆರಿಕದಲ್ಲಿ ದೃಢಪಟ್ಟ ಸಾವುಗಳು 2024ರ ಹೊತ್ತಿಗೆ 28. ಗಾಯಗೊಂಡವರು 400ಕ್ಕೂ ಹೆಚ್ಚು. ಮಲೇಷ್ಯಾದಲ್ಲೂ ಸಾವುಗಳಾದವು.

ಹೋಂಡಾ ಕಂಪನಿ 2008ರಲ್ಲಿ ಮೊದಲ ಬಾರಿಗೆ ವಾಪಸು ಕರೆದದ್ದು ಸುಮಾರು 4,000 ಕಾರುಗಳನ್ನು ಮಾತ್ರ. ತಯಾರಿಕೆಯಲ್ಲಿ ಎಲ್ಲೋ ಒಂದು ಕಂತು ಕೆಟ್ಟಿರಬೇಕು ಎಂಬ ಊಹೆ ಆಗಿನದು. ಬಿಸಿಯೂ ತೇವವೂ ಹೆಚ್ಚಿರುವ ಫ್ಲಾರಿಡಾ, ಹವಾಯಿಯಂಥ ಕಡೆಗಳಲ್ಲೇ ಡಬ್ಬಿಗಳು ಹೆಚ್ಚು ಒಡೆಯುತ್ತಿವೆ ಎಂಬುದು ಗಮನಕ್ಕೆ ಬರಲು ವರ್ಷಗಳೇ ಹಿಡಿದವು. ಪರೀಕ್ಷೆಯ ಅಂಕಿ ಅಂಶಗಳನ್ನು ತಿದ್ದಿ ಕಾರು ಕಂಪನಿಗಳಿಗೆ ಕೊಟ್ಟಿದ್ದ ತಪ್ಪನ್ನು ಟಕಾಟಾ 2017ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಒಪ್ಪಿಕೊಂಡಿತು. ಅದೇ ವರ್ಷ ದಿವಾಳಿಯೂ ಆಯಿತು.

ಹಳೆಯದರ ಜಾಗಕ್ಕೆ ಅಂಥದೇ ಹೊಸದು

ಈಗ ದುರಸ್ತಿಯ ವಿಷಯಕ್ಕೆ ಬರೋಣ. ಕೋಟಿಗಟ್ಟಲೆ ಬದಲಿ ಇನ್‌ಫ್ಲೇಟರ್‌ಗಳು ರಾತ್ರೋರಾತ್ರಿ ಎಲ್ಲಿಂದ ಬರಬೇಕು? ಬೇರೆ ತಯಾರಕರು ಕಾರ್ಖಾನೆಗಳನ್ನು ವಿಸ್ತರಿಸುವವರೆಗೆ ಅನೇಕ ಕಾರುಗಳಿಗೆ ಟಕಾಟಾದ್ದೇ ಹೊಸ ಡಬ್ಬಿಯನ್ನು, ಅದೇ ಅಮೋನಿಯಂ ನೈಟ್ರೇಟ್ ಇರುವುದನ್ನು, ತೇವ ಹೀರುವ ಪದಾರ್ಥವನ್ನೂ ಸೇರಿಸದೆ ಇದ್ದುದನ್ನು ಕೂಡಿಸಿ ಕಳುಹಿಸಿದರು. ಇದರಲ್ಲಿ ಮೋಸವೇನೂ ಇರಲಿಲ್ಲ. ಬಿಲ್ಲೆ ಕೆಡಲು ಹಲವು ವರ್ಷಗಳು ಬೇಕು. ಆದ್ದರಿಂದ ಹತ್ತು ವರ್ಷ ಹಳೆಯ ಡಬ್ಬಿಗಿಂತ ಹೊಸ ಡಬ್ಬಿ ಎಷ್ಟೋ ಸುರಕ್ಷಿತ. ಆದರೆ ಅದು ಕೊಂಡದ್ದು ಕಾಲಾವಕಾಶವನ್ನಷ್ಟೆ. ಆ ಕಾರುಗಳೆಲ್ಲ ಇನ್ನೊಮ್ಮೆ ವರ್ಕ್‌ಶಾಪಿಗೆ ಬರಬೇಕಾಯಿತು. 'ನಮ್ಮ ಕಾರಿನ ರೀಕಾಲ್ ಆಗಲೇ ಮುಗಿದಿದೆಯಲ್ಲ' ಎಂದು ಎರಡನೆಯ ಪತ್ರವನ್ನು ಬದಿಗಿಟ್ಟ ಮಾಲೀಕನನ್ನು ದೂರುವುದು ಹೇಗೆ?

ಫೋರ್ಡ್ ಕಂಪನಿಯ ರೇಂಜರ್ ಎಂಬ ಪಿಕಪ್ ವಾಹನದ ಕಥೆ ಇದಕ್ಕಿಂತ ಕಹಿಯಾದದ್ದು. 2006ರ ಮಾದರಿಯ ಎರಡು ರೇಂಜರ್‌ಗಳಲ್ಲಿ ಚಾಲಕರ ಬದಿಯ ಡಬ್ಬಿ ಒಡೆದು ಇಬ್ಬರು ಸತ್ತರು. ಒಂದು ಸಾವು 2015ರಲ್ಲಿ, ಇನ್ನೊಂದು 2017ರಲ್ಲಿ. ಆ ಎರಡೂ ಡಬ್ಬಿಗಳು ಒಂದೇ ದಿನ ತಯಾರಾದವು! 2018ರ ಜನವರಿಯಲ್ಲಿ ಕಂಪನಿ ಅಂಥ ಸುಮಾರು 2,900 ವಾಹನಗಳ ಮಾಲೀಕರಿಗೆ 'ಓಡಿಸಲೇಬೇಡಿ, ನಾವೇ ಬಂದು ಒಯ್ಯುತ್ತೇವೆ' ಎಂದು ತಿಳಿಸಬೇಕಾಯಿತು. ಐದು ವರ್ಷ ಕಳೆದು, 2023ರ ಜನವರಿಯಲ್ಲಿ, 2004ರಿಂದ 2006ರ ಮಾದರಿಯ ಸುಮಾರು 98,500 ರೇಂಜರ್‌ಗಳಿಗೆ ಮತ್ತೊಂದು ಕರೆ ಹೋಯಿತು. ಈ ಬಾರಿ ದೋಷ ಟಕಾಟಾದ್ದಾಗಿರಲಿಲ್ಲ. ಹಿಂದಿನ ರೀಕಾಲ್‌ನಲ್ಲಿ ಪಕ್ಕದ ಪ್ರಯಾಣಿಕನ ಬದಿಗೆ ಹಾಕಿದ್ದ ಬದಲಿ ಇನ್‌ಫ್ಲೇಟರನ್ನು ಕೆಲವು ವಾಹನಗಳಲ್ಲಿ ಸರಿಯಾಗಿ ಕೂಡಿಸಿರಲಿಲ್ಲ ಎಂಬ ಸಂಶಯ ಅದಕ್ಕೆ ಕಾರಣ. ತಪ್ಪಾಗಿ ಕೂಡಿಸಿದ ಡಬ್ಬಿ ಒಡೆಯದಿದ್ದರೂ ಅಪಘಾತದಲ್ಲಿ ಚೀಲ ಬಿಚ್ಚಿಕೊಳ್ಳಬೇಕಾದ ರೀತಿಯಲ್ಲಿ ಬಿಚ್ಚಿಕೊಳ್ಳದೆ ಹೋಗಬಹುದು. ಎಷ್ಟು ವಾಹನಗಳಲ್ಲಿ ತಪ್ಪಾಗಿದೆ ಎಂಬುದನ್ನು ಬಿಚ್ಚಿ ನೋಡದೆ ಹೇಳುವಂತಿರಲಿಲ್ಲ. ಹಾಗಾಗಿ ಎಲ್ಲವನ್ನೂ ಕರೆಯಬೇಕಾಯಿತು. ದುರಸ್ತಿಯ ದುರಸ್ತಿ!

ಒಂದು ಕೊಳವೆ, ಒಂದು ನಟ್ಟು

ಎರಡನೆಯ ಪ್ರಕರಣ ಹ್ಯುಂಡೈ ಮತ್ತು ಕಿಯಾ ಕಂಪನಿಗಳ 'ಥೀಟಾ-2' ಎಂಬ ಪೆಟ್ರೋಲ್ ಇಂಜಿನ್ನಿನದು. ಅಮೆರಿಕದ ಅಲಬಾಮಾದಲ್ಲಿ ತಯಾರಾದ ಕೆಲವು ಇಂಜಿನ್‌ಗಳಲ್ಲಿ, ಕ್ರ್ಯಾಂಕ್‌ಶಾಫ್ಟಿನ ಎಣ್ಣೆದಾರಿಯನ್ನು ಕೊರೆದಾಗ ಉಂಟಾದ ಲೋಹದ ಸಿಬಿರುಗಳನ್ನು ಪೂರ್ತಿ ತೆಗೆದಿರಲಿಲ್ಲ. ಆ ಚೂರುಗಳು ಎಣ್ಣೆಯ ಹರಿವಿಗೆ ಅಡ್ಡವಾಗಿ, ಕನೆಕ್ಟಿಂಗ್ ರಾಡಿನ ಬೇರಿಂಗ್‌ಗಳು ಸವೆದು, ಇಂಜಿನ್ ದಾರಿಯ ಮಧ್ಯೆಯೇ ಬಿಗಿದು ನಿಲ್ಲುತ್ತಿತ್ತು. ಕೆಲವು ಕಡೆ ಬೆಂಕಿಯೂ ಹತ್ತಿಕೊಂಡಿತು. 2015ರಲ್ಲಿ ಹ್ಯುಂಡೈ ಸುಮಾರು 4 ಲಕ್ಷ 70 ಸಾವಿರ ಸೊನಾಟಾ ಕಾರುಗಳನ್ನು ಕರೆಯಿತು. 2017ರಲ್ಲಿ ಎರಡೂ ಕಂಪನಿಗಳು ಸೇರಿ ಇನ್ನೂ ಸುಮಾರು 12 ಲಕ್ಷ ಕಾರುಗಳನ್ನು ಕರೆದವು. ಪರೀಕ್ಷಿಸಿ, ಬೇರಿಂಗ್ ಕೆಟ್ಟಿದ್ದರೆ ಇಂಜಿನ್ ಬದಲಿಸಿಕೊಡುವುದು ಡೀಲರರ ಕೆಲಸ. ವಿಷಯವನ್ನು ತಡವಾಗಿ ತಿಳಿಸಿದ್ದಕ್ಕಾಗಿ 2020ರಲ್ಲಿ ಅಮೆರಿಕದ ಸುರಕ್ಷತಾ ಇಲಾಖೆ ಈ ಕಂಪನಿಗಳ ಮೇಲೆ ಒಟ್ಟು 21 ಕೋಟಿ ಡಾಲರ್‌ಗಳ ದಂಡದ ಒಪ್ಪಂದ ಮಾಡಿಕೊಂಡಿತು.

ನಮ್ಮ ಗಮನ ಇರಬೇಕಾದದ್ದು ಈ ನಡುವೆ ನಡೆದ ಇನ್ನೊಂದು ಸಂಗತಿಯ ಮೇಲೆ. 2019ರ ಜನವರಿಯಲ್ಲಿ ಈ ಕಂಪನಿಗಳು ಸುಮಾರು 1 ಲಕ್ಷ 68 ಸಾವಿರ ಕಾರುಗಳನ್ನು ಮತ್ತೆ ಕರೆದವು. ರೀಕಾಲ್‌ನಲ್ಲಿ ಇಂಜಿನ್ ಬದಲಿಸಿಕೊಂಡ ಕಾರುಗಳೇ ಅವು! ಬದಲಿಸುವಾಗ ಅಧಿಕ ಒತ್ತಡದ ಇಂಧನ ಕೊಳವೆಯನ್ನು ಬಿಚ್ಚಿ ಮರಳಿ ಕೂಡಿಸಬೇಕು. ಅದು ಜಖಂ ಆಗಿರಬಹುದು, ಓರೆಯಾಗಿ ಕೂತಿರಬಹುದು, ಇಲ್ಲವೆ ಅದರ ನಟ್ಟನ್ನು ಸರಿಯಾದ ಬಿಗಿತಕ್ಕೆ ತಂದಿಲ್ಲದಿರಬಹುದು. ಅಲ್ಲಿಂದ ಪೆಟ್ರೋಲ್ ಸೋರಿ ಬೆಂಕಿ ಹತ್ತಬಹುದು ಎಂಬುದು ಕಾರಣ.

ಒಂದು ನಟ್ಟಿನ ಬಿಗಿತ ಇಷ್ಟು ಮುಖ್ಯವೇ? ಈ ಬಗೆಯ ಇಂಜಿನ್ನಿನಲ್ಲಿ ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಕ್ಕೆ ಸಿಂಪಡಿಸುತ್ತಾರೆ. ಅದಕ್ಕಾಗಿ ಕೊಳವೆಯೊಳಗೆ ನೂರು ಬಾರ್‌ಗೂ ಮೀರಿದ ಒತ್ತಡ ಇರುತ್ತದೆ. ನಿಮ್ಮ ಕಾರಿನ ಟಯರಿನಲ್ಲಿರುವುದು ಎರಡು ಬಾರ್‌ಗಿಂತ ತುಸು ಹೆಚ್ಚು, ಅಷ್ಟೆ. ಇಂಥ ಕೊಳವೆಯ ತುದಿಯಲ್ಲಿ ಸೋರಿಕೆಯನ್ನು ತಡೆಯುವುದು ಲೋಹಕ್ಕೆ ಲೋಹ ಒತ್ತಿ ಕೂರುವ ಒಂದು ಕಿರಿದಾದ ಉಂಗುರದಷ್ಟು ಜಾಗ. ನಟ್ಟು ಸಡಿಲವಾದರೆ ಸೋರುತ್ತದೆ. ಅತಿಯಾಗಿ ಬಿಗಿದರೆ ಆ ಮೇಲ್ಮೈ ಜಜ್ಜಿಹೋಗಿ ಆಗಲೂ ಸೋರುತ್ತದೆ.

ಬೋಲ್ಟು ನಟ್ಟುಗಳ ಬಗ್ಗೆ ನಮ್ಮಲ್ಲಿ ಒಂದು ತಪ್ಪು ಕಲ್ಪನೆ ಇದೆ: 'ಕೈಗೆ ಗೊತ್ತಾಗುತ್ತದೆ' ಎಂಬುದು. ಅನುಭವಿ ಮೆಕ್ಯಾನಿಕರ ಕೈಯ ಮೇಲೆ ನನಗೂ ಗೌರವವಿದೆ. ಆದರೆ ಭೌತವಿಜ್ಞಾನ ಬೇರೆಯೇ ಹೇಳುತ್ತದೆ. ಬೋಲ್ಟು ವಾಸ್ತವವಾಗಿ ಒಂದು ಗಡುಸಾದ ಸ್ಪ್ರಿಂಗು. ಅದನ್ನು ಬಿಗಿದಾಗ ಕೂದಲೆಳೆಯಷ್ಟು ಹಿಗ್ಗುತ್ತದೆ. ಆ ಹಿಗ್ಗಿನ ಸೆಳೆತವೇ ಎರಡು ಭಾಗಗಳನ್ನು ಒತ್ತಿ ಹಿಡಿಯುವುದು. ನಾವು ಸ್ಪ್ಯಾನರಿನಿಂದ ಹಾಕುವ ತಿರುಚುಬಲದಲ್ಲಿ ಸುಮಾರು ಅರ್ಧ ಬೋಲ್ಟಿನ ತಲೆಯಡಿಯ ಘರ್ಷಣೆಗೆ ಖರ್ಚಾಗುತ್ತದೆ. ಮರೆಗಳ ಘರ್ಷಣೆ ಶೇಕಡ 40ರಷ್ಟನ್ನು ನುಂಗುತ್ತದೆ. ಬೋಲ್ಟನ್ನು ಹಿಗ್ಗಿಸಲು ಉಳಿಯುವುದು ಶೇಕಡ 10ರಷ್ಟು ಮಾತ್ರ! ಮರೆಗಳಿಗೆ ಎಣ್ಣೆ ತಾಗಿದ್ದರೆ ಘರ್ಷಣೆ ಇಳಿದು ಅದೇ ಬಲಕ್ಕೆ ಬೋಲ್ಟು ಬಹಳ ಹೆಚ್ಚು ಹಿಗ್ಗುತ್ತದೆ. ಮಣ್ಣು, ತುಕ್ಕು ಇದ್ದರೆ ಕೈಗೆ ಬಿಗಿಯಾಯಿತೆನಿಸಿದರೂ ಹಿಗ್ಗಿರುವುದಿಲ್ಲ. ಆದ್ದರಿಂದಲೇ ಎಲ್ಲಿ ಒಣಗಿರಬೇಕು, ಎಲ್ಲಿ ಎಣ್ಣೆ ಹಚ್ಚಬೇಕು, ಎಷ್ಟು ನ್ಯೂಟನ್-ಮೀಟರ್ ಬಲ ಹಾಕಬೇಕು, ಯಾವುದನ್ನು ಒಮ್ಮೆ ಬಿಚ್ಚಿದ ಮೇಲೆ ಮತ್ತೆ ಬಳಸಬಾರದು ಎಂಬುದನ್ನೆಲ್ಲ ತಯಾರಕರು ಬರೆದುಕೊಡುತ್ತಾರೆ. ಅದನ್ನು ಅಳೆದು ಹಾಕುವ ಸಾಧನವೇ ಟಾರ್ಕ್ ರೆಂಚ್. ಅದು ಗೋಡೆಗೆ ತೂಗಿದ್ದರೆ ಸಾಲದು. ಆಗಾಗ ಅದನ್ನೂ ಪರೀಕ್ಷೆಗೆ ಒಳಪಡಿಸಿ ಅಳತೆ ಸರಿಯಿದೆಯೇ ಎಂದು ನೋಡಬೇಕು.

ಹಾಗಾದರೆ ತಿಳಿದೂ ಏಕೆ ತಪ್ಪುತ್ತಾರೆ? ಸೋಮಾರಿತನ ಎಂದುಬಿಡುವುದು ಸುಲಭ. ಅಮೆರಿಕದ ಬಹಳಷ್ಟು ಡೀಲರ್ ವರ್ಕ್‌ಶಾಪುಗಳಲ್ಲಿ ಮೆಕ್ಯಾನಿಕರಿಗೆ ಗಂಟೆ ಲೆಕ್ಕದ ಸಂಬಳವಿಲ್ಲ. ಪ್ರತಿ ಕೆಲಸಕ್ಕೂ ಇಂತಿಷ್ಟು ಹೊತ್ತು ಎಂದು ನಿಗದಿ ಮಾಡಿ ಅಷ್ಟಕ್ಕೆ ಕೂಲಿ ಕೊಡುತ್ತಾರೆ. ಎರಡು ಗಂಟೆಯ ಕೆಲಸ ಮೂರು ಗಂಟೆ ಹಿಡಿದರೆ ನಷ್ಟ ಮೆಕ್ಯಾನಿಕನದು. ರೀಕಾಲ್ ಕೆಲಸಕ್ಕೆ ಹಣ ಕೊಡುವವರು ಗ್ರಾಹಕರಲ್ಲ, ತಯಾರಕರು. ಹೊತ್ತನ್ನು ನಿಗದಿ ಮಾಡುವವರೂ ಅವರೇ. ಆ ಹೊತ್ತು ಸಾಲದೆಂಬ ದೂರು ಅಲ್ಲಿ ಹಳೆಯದು. ಬ್ಯಾಟರಿಯ ತಂತಿ ಕಳಚಿ, ಏರ್‌ಬ್ಯಾಗಿನ ಸರ್ಕಿಟ್ಟಿನಲ್ಲಿ ಉಳಿದ ವಿದ್ಯುತ್ತು ಇಳಿಯಲೆಂದು ಕೆಲವು ನಿಮಿಷ ಸುಮ್ಮನೆ ಕಾಯಬೇಕು ಎಂದು ಕೈಪಿಡಿ ಹೇಳುತ್ತದೆ. ಕಾಯುವ ಆ ನಿಮಿಷಗಳಿಗೆ ಯಾರು ಕೂಲಿ ಕೊಡುತ್ತಾರೆ? ಗುಣಮಟ್ಟ ಕುಸಿಯುವುದು ಇಂಥ ಜಾಗಗಳಲ್ಲಿ ಎಂಬುದು ನನ್ನ ಅಭಿಪ್ರಾಯ.

ನಮ್ಮಲ್ಲಿ

ಭಾರತದಲ್ಲಿ ಬಹಳ ಕಾಲ ರೀಕಾಲ್‌ಗೆ ಕಾನೂನಿನ ಒತ್ತಾಯವೇ ಇರಲಿಲ್ಲ. ಆದರೂ ಕೆಲವು ಕಂಪನಿಗಳು ತಾವಾಗಿ ಕರೆದದ್ದುಂಟು. 2010ರ ಫೆಬ್ರವರಿಯಲ್ಲಿ ಮಾರುತಿ ಸುಜುಕಿ ಇಂಧನ ಸೋರಿಕೆಯ ಶಂಕೆಯಿಂದ ಸುಮಾರು 1 ಲಕ್ಷ ಎ-ಸ್ಟಾರ್ ಕಾರುಗಳನ್ನು ಕರೆಸಿತ್ತು. ವಾಹನ ತಯಾರಕರ ಸಂಘವಾದ ಸಿಯಾಮ್ 2012ರಲ್ಲಿ ಸ್ವಯಂಪ್ರೇರಿತ ನೀತಿಯೊಂದನ್ನು ತಂದಿತು. ಟಕಾಟಾದ ಬಿಸಿ ನಮಗೂ ತಟ್ಟಿತು. ಹೋಂಡಾ 2015ರ ಸೆಪ್ಟೆಂಬರಿನಲ್ಲಿ ಇಲ್ಲಿ 2 ಲಕ್ಷಕ್ಕೂ ಹೆಚ್ಚು, 2016ರ ಜುಲೈನಲ್ಲಿ ಸುಮಾರು 1 ಲಕ್ಷ 90 ಸಾವಿರ ಕಾರುಗಳ ಇನ್‌ಫ್ಲೇಟರ್ ಬದಲಿಸಲು ಕರೆ ಕೊಟ್ಟಿತು. ಸಿಟಿ, ಜಾಜ್, ಸಿವಿಕ್ ಮಾದರಿಗಳೂ ಇವುಗಳಲ್ಲಿದ್ದವು. ಫ್ಲಾರಿಡಾದ ಹವೆಯನ್ನು ನೆನಪಿಸಿಕೊಳ್ಳಿ: ನಮ್ಮ ಮಂಗಳೂರು, ಕಾರವಾರಗಳ ಬಿಸಿಯೂ ತೇವವೂ ಅದಕ್ಕೆ ಕಡಿಮೆಯಲ್ಲ. ಕರಾವಳಿಯಲ್ಲಿ ಬಿಸಿಲಿಗೆ ನಿಲ್ಲುವ ಹಳೆಯ ಕಾರಿನವರು ಈ ವಿಷಯದಲ್ಲಿ ಬೆಂಗಳೂರಿನವರಿಗಿಂತ ಹೆಚ್ಚು ಎಚ್ಚರದಿಂದಿರುವುದು ಒಳ್ಳೆಯದು.

2019ರಲ್ಲಿ ಮೋಟಾರು ವಾಹನ ಕಾಯಿದೆಗೆ ಮಾಡಿದ ತಿದ್ದುಪಡಿ ಸರ್ಕಾರಕ್ಕೆ ರೀಕಾಲ್ ಆಜ್ಞೆ ಹೊರಡಿಸುವ ಅಧಿಕಾರ ಕೊಟ್ಟಿತು. ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ವಾರ್ಷಿಕ ಮಾರಾಟಕ್ಕೆ ತಕ್ಕಂತೆ ನಿಗದಿಯಾದಷ್ಟು ದೂರುಗಳು ಬಂದರೆ ತನಿಖೆ ನಡೆಯುತ್ತದೆ; ದೋಷ ರುಜುವಾತಾದರೆ 10 ಲಕ್ಷದಿಂದ 1 ಕೋಟಿ ರೂಪಾಯಿಗಳವರೆಗೆ ದಂಡ. ತಯಾರಕರು ತಾವಾಗಿಯೇ ದೋಷವನ್ನು ತಿಳಿಸಿ ಕರೆದರೆ ದಂಡವಿಲ್ಲ. ಒಳ್ಳೆಯ ಹೆಜ್ಜೆಯೇ. ಆದರೆ ಈ ನಿಯಮ 7 ವರ್ಷಕ್ಕಿಂತ ಕಡಿಮೆ ವಯಸ್ಸಿನ ವಾಹನಗಳಿಗೆ ಸೀಮಿತ. ಮೇಲೆ ಹೇಳಿದ ರೇಂಜರಿನ ಎರಡನೆಯ ಸಾವು ನಡೆದದ್ದು ವಾಹನಕ್ಕೆ ಹನ್ನೊಂದು ವರ್ಷವಾದಾಗ! ವಯಸ್ಸಾದಂತೆ ಕೆಡುವ ವಸ್ತುವಿನ ದೋಷವನ್ನು ಈ ಗಡುವು ಹಿಡಿಯಲಾರದು. ಅಲ್ಲದೆ ದುರಸ್ತಿ ಮುಗಿದ ಮೇಲೆ ಅದರ ಗುಣಮಟ್ಟವನ್ನು ಯಾರಾದರೂ ಬೇರೆಯವರು ಪರೀಕ್ಷಿಸಬೇಕೆಂಬ ವ್ಯವಸ್ಥೆ ಗ್ರಾಹಕನ ಕಣ್ಣಿಗೆ ಬೀಳುವುದಿಲ್ಲ.

ಹಾಗಾಗಿ ಸ್ವಲ್ಪ ಕೆಲಸ ನಿಮ್ಮದೂ ಇದೆ. ನಿಮ್ಮ ಕಾರಿನ ನೋಂದಣಿ ಪತ್ರದಲ್ಲಿ 17 ಅಕ್ಷರ-ಅಂಕಿಗಳ ಷಾಸಿ ಸಂಖ್ಯೆ ಇರುತ್ತದೆ. ಸೊನ್ನೆ ಮತ್ತು ಒಂದರೊಡನೆ ಗೊಂದಲವಾಗದಿರಲೆಂದು ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದಿಲ್ಲ. ಅದನ್ನು ಕಂಪನಿಯ ಜಾಲತಾಣದಲ್ಲಿ ಕೊಟ್ಟರೆ ಬಾಕಿ ರೀಕಾಲ್ ಇದೆಯೇ ಎಂದು ತಿಳಿಯುತ್ತದೆ. ಹಳೆಯ ಕಾರು ಕೊಳ್ಳುವವರಂತೂ ಇದನ್ನು ಮರೆಯಬಾರದು. ಏಕೆಂದರೆ ಕಂಪನಿಯ ಪತ್ರ ಹೋಗುವುದು ಸಾಮಾನ್ಯವಾಗಿ ಅದರ ದಾಖಲೆಯಲ್ಲಿರುವ ಮೊದಲ ಮಾಲೀಕನ ವಿಳಾಸಕ್ಕೆ.

ಕಾರನ್ನು ಬಿಡುವಾಗ ರೀಕಾಲ್ ಕೆಲಸ ಜಾಬ್ ಕಾರ್ಡಿನಲ್ಲಿ ಬೇರೆಯಾಗಿ ನಮೂದಾಗಲಿ. 'ಸರ್ವೀಸ್ ಜೊತೆಗೇ ಮಾಡಿದ್ದೇವೆ ಸಾರ್' ಎಂಬ ಮಾತು ದಾಖಲೆಯಾಗದು. ಹಾಕಿದ ಭಾಗ ಅಂತಿಮ ಪರಿಹಾರವೇ, ತಾತ್ಕಾಲಿಕವೇ ಎಂದು ಕೇಳಿ. ಹೊಸ ಭಾಗದ ಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬಿಲ್ಲಿನ ಮೊತ್ತ ಸೊನ್ನೆ ಇದ್ದರೂ ಸರಿ, ಬಿಲ್ಲು ಬೇಕು. ತೆಗೆದ ಹಳೆಯ ಭಾಗವನ್ನು ತೋರಿಸಲು ಹೇಳಬಹುದು. ಆದರೆ ಇನ್‌ಫ್ಲೇಟರನ್ನು ಮನೆಗೆ ಒಯ್ಯಲು ಹೋಗಬೇಡಿ, ಅದು ಸ್ಫೋಟಕ; ಕಂಪನಿಗೇ ಮರಳಬೇಕು. ಏರ್‌ಬ್ಯಾಗಿನ ಕೆಲಸವಾಗಿದ್ದರೆ ಅಲ್ಲಿಯೇ ಕೀಲಿ ತಿರುಗಿಸಿ ನೋಡಿ: ಏರ್‌ಬ್ಯಾಗ್ ಚಿತ್ರದ ದೀಪ ಹೊತ್ತಿ ಕೆಲವೇ ಸೆಕೆಂಡುಗಳಲ್ಲಿ ಆರಬೇಕು. ಆರದಿದ್ದರೆ, ಅಥವಾ ಮೊದಲಿಗೆ ಹೊತ್ತಿಕೊಳ್ಳದಿದ್ದರೆ, ಕಾರನ್ನು ಅಲ್ಲಿಂದ ಹೊರಡಿಸಬೇಡಿ. ಇಂಧನದ ಕೆಲಸವಾಗಿದ್ದರೆ ಮೊದಲ ಎರಡು ದಿನ ಇಂಜಿನ್ ಬಿಸಿಯಾದ ಮೇಲೆ ಕಾರಿನ ಸುತ್ತ ಒಮ್ಮೆ ನಡೆದು ಮೂಗಿಗೆ ಪೆಟ್ರೋಲಿನ ವಾಸನೆ ಬರುತ್ತದೆಯೇ ನೋಡಿ. ಬಂದರೆ ಬೆಳಗಾಗಲೆಂದು ಕಾಯದೆ ಡೀಲರರಿಗೆ ಫೋನ್ ಮಾಡಿ, ಕಾರನ್ನು ಎಳೆದೊಯ್ಯಲು ಹೇಳಿ.